ದುಬೈನಲ್ಲಿ ಸ್ಟುಡಿಯೋ ತಗೊಳ್ಳೋದಾ, ವಾರ್ಜೆಯಲ್ಲಿ ಒನ್ ಬಿಎಚ್‌ಕೆ ತಗೊಳ್ಳೋದಾ?

ಕರ್ವೆನಗರದ ಟೀಚರ್, ಪುಣೆ

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ತವರು ಧಾರವಾಡ. ಮದುವೆಯಾಗಿ ಪುಣೆಗೆ ಬಂದು 36 ವರ್ಷ ಆಯಿತು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಮೂರು ವರ್ಷದ ಹಿಂದೆ ನಿವೃತ್ತಿ. ಯಜಮಾನರು ಕೋವಿಡ್ ಸಮಯದಲ್ಲಿ ಹೋದರು. ಈ ಮನೆ ಸ್ವಂತದ್ದು, ಸಾಲ ಇಲ್ಲ. ಪೆನ್ಷನ್ ತಿಂಗಳಿಗೆ ₹38,000.

ಸಪ್ತಾಪುರದಲ್ಲಿ ಅಪ್ಪ 1987ರಲ್ಲಿ ಒಂದು ಪ್ಲಾಟ್ ತಗೊಂಡಿದ್ದರು. ಹೋದ ನವೆಂಬರ್‌ನಲ್ಲಿ ಅದನ್ನು ಮಾರಿದೆವು. ನನ್ನ ಪಾಲಿಗೆ ₹62 ಲಕ್ಷ ಬಂತು. ಅಪ್ಪ ಭಾನುವಾರ ಸೈಕಲ್ ತಗೊಂಡು ಹೋಗಿ, ಆ ಪ್ಲಾಟಿನ ಮೂಲೆಯಲ್ಲಿ ನೆಟ್ಟ ಎರಡು ತೆಂಗಿನ ಸಸಿಗೆ ನೀರು ಹಾಕಿ ಬರುತ್ತಿದ್ದರು. ಮನೆ ಕಟ್ಟೋಕೆ ಅವರಿಗೆ ಆಗಲೇ ಇಲ್ಲ. ಹಾಗಾಗಿ ಈ ದುಡ್ಡು ಸುಮ್ನೆ ಬ್ಯಾಂಕಿನಲ್ಲಿ ಕೂತು ಕರಗಬಾರದು, ಎಲ್ಲಾದರೂ ಒಂದು ಮನೆಯಾಗಿ ನಿಲ್ಲಬೇಕು ಅಂತ ನನ್ನ ಆಸೆ. ಅದರ ಬಾಡಿಗೆ ನನ್ನ ಕೈಗೆ ಬರಬೇಕು. ಮಗನ ಹತ್ತಿರ ಕೇಳುವ ಹಾಗಾಗಬಾರದು. ಅವನು ಕೊಡಲ್ಲ ಅಂತಲ್ಲ. ಕೇಳದೆಯೇ ಕೊಡುವ ಮಗ ಅವನು. ಆದರೂ.

ಮಗ ದುಬೈಗೆ ಹೋಗಿ ಒಂಬತ್ತು ವರ್ಷ ಆಯಿತು. ಅವನು ಜುಮೇರಾ ವಿಲೇಜ್ ಸರ್ಕಲ್‌ನಲ್ಲಿ ಒಂದು ಸ್ಟುಡಿಯೋ, ಅಂದರೆ ಒಂದೇ ಕೋಣೆಯ ಫ್ಲ್ಯಾಟ್, ನೋಡಿದ್ದಾನೆ. ಇನ್ನೂ ಕಟ್ಟುತ್ತಿದ್ದಾರೆ. ಬೆಲೆ 6.5 ಲಕ್ಷ ದಿರ್ಹಮ್. ಈಗ 20%, ಕಟ್ಟುವಾಗ ಕಂತಿನಲ್ಲಿ 40%, ಕೀಲಿ ಕೊಡುವಾಗ 40%. ದಿರ್ಹಮ್‌ಗೆ ₹24 ಅಂತ ಹಿಡಿದರೆ ₹1.56 ಕೋಟಿ. "ಅಮ್ಮಾ, ನಿನ್ನ 62 ಹಾಕು, ಉಳಿದದ್ದು ನಾನು ನೋಡ್ಕೋತೀನಿ, ಬಾಡಿಗೆ ನಿಂದೇ" ಅಂತಾನೆ. ವರ್ಷಕ್ಕೆ 45,000 ದಿರ್ಹಮ್ ಬಾಡಿಗೆ ಬರುತ್ತೆ, ಅದರಲ್ಲಿ ಸರ್ವಿಸ್ ಚಾರ್ಜ್ 6,000 ಹೋಗುತ್ತೆ ಅಂತ ಅವನ ಲೆಕ್ಕ. ಅಂದರೆ 6%.

ಇಲ್ಲಿ ವಾರ್ಜೆಯಲ್ಲಿ ನಾನು ನೋಡಿರೋದು 12 ವರ್ಷದ ಹಳೆ ಕಟ್ಟಡದಲ್ಲಿ ರೀಸೇಲ್ ಒನ್ ಬಿಎಚ್‌ಕೆ, ₹58 ಲಕ್ಷ. ಬಾಡಿಗೆ ₹17,000. ಮೇಂಟೆನೆನ್ಸ್ ₹2,500 ಕಳೆದು, ವರ್ಷದ ಮನೆ ತೆರಿಗೆ ಸುಮಾರು ₹12,000 ಕಳೆದರೆ ಕೈಗೆ ಉಳಿಯೋದು ₹1,62,000. ಸ್ಟ್ಯಾಂಪ್ ಡ್ಯೂಟಿ ಸೇರಿಸಿದ ಬೆಲೆಗೆ ಹೋಲಿಸಿದರೆ 2.6%. ಹಲಗೆಯ ಮೇಲೆ ಈ ಎರಡು ಲೆಕ್ಕ ಬರೆದರೆ ಏಳನೇ ಕ್ಲಾಸಿನ ಹುಡುಗನೂ ದುಬೈ ಅಂತಾನೆ.

ಆದರೆ ನನಗೊಂದು ಅನುಭವ ಇದೆ. ತಮ್ಮ ಅಮೆರಿಕದಲ್ಲಿದ್ದಾನೆ. ಸಿಂಹಗಡ ರಸ್ತೆಯಲ್ಲಿ ಅವನ ಫ್ಲ್ಯಾಟ್ ಇದೆ, ಎಂಟು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಕೆಳಗಿನ ಮನೆಯವರು ಫೋನ್ ಮಾಡಿ ಕರೆದರು. ಅವರ ಬಾತ್‌ರೂಮ್ ಸೀಲಿಂಗ್‌ನಲ್ಲಿ ತಟ್ಟೆಯಷ್ಟು ಅಗಲದ ಹಳದಿ ಕಲೆ, ನಡುವೆ ಒಂದು ಹನಿ ತೂಗುತ್ತಿತ್ತು. ಬೀಳುತ್ತೆ, ಮತ್ತೆ ಕೂಡುತ್ತೆ. ಕೆಳಗೆ ಒಂದು ಪ್ಲಾಸ್ಟಿಕ್ ಟಬ್ ಇಟ್ಟಿದ್ದರು. ಮೊದಲ ಪ್ಲಂಬರ್ ಬಂದು ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿ ₹4,000 ತಗೊಂಡು ಹೋದ. ಹನಿ ನಿಲ್ಲಲಿಲ್ಲ. ಎರಡನೆಯವನು ನಹಾಣಿ ಟ್ರ್ಯಾಪ್, ಅಂದರೆ ಬಾತ್‌ರೂಮ್ ನೆಲದ ನೀರು ಇಳಿಯುವ ಬಟ್ಟಲು, ಅದರ ಸುತ್ತ ಟೈಲ್ಸ್ ಎಬ್ಬಿಸಿ ನೋಡಿದ. ಟ್ರ್ಯಾಪ್ ಒಡೆದಿತ್ತು. ಕೋಬಾ, ಅಂದರೆ ಟೈಲ್ಸ್ ಕೆಳಗಿನ ಇಟ್ಟಿಗೆ ಚೂರಿನ ಪದರ, ಒಡೆದು ಹೊಸದು ಹಾಕಿ, ವಾಟರ್‌ಪ್ರೂಫಿಂಗ್ ಮಾಡಿ, ಎರಡು ದಿನ ನೀರು ಕಟ್ಟಿ ಪರೀಕ್ಷೆ ಮಾಡಿ, ಹೊಸ ಟೈಲ್ಸ್ ಹಾಕೋ ಹೊತ್ತಿಗೆ 14 ದಿನ, ₹38,000. ಬಾಡಿಗೆಯವರು ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. 14 ದಿನವೂ ಬೆಳಿಗ್ಗೆ ಹೋಗಿ ಬಾಗಿಲು ತೆಗೆದು, ಸಂಜೆವರೆಗೂ ಆ ಅಡುಗೆಮನೆ ಕಟ್ಟೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದು ನಾನು. ತಮ್ಮನಿಗೆ ಗೊತ್ತಾಗಿದ್ದು ಬಿಲ್ ಮಾತ್ರ.

ದುಬೈ ಮನೆಗೆ ಹೀಗಾದರೆ ಯಾರು ಕೂರೋದು? ಮಗನಿಗೆ ನಾಳೆ ಸೌದಿಗೆ ವರ್ಗ ಆದರೆ? ಇದು ಬರೀ ನನ್ನ ಹೆದರಿಕೆಯಾ, ಇಲ್ಲಾ ಲೆಕ್ಕದಲ್ಲಿ ಸೇರಬೇಕಾದ ವಿಷಯವಾ? ಗೊತ್ತಿರುವವರು ದಯವಿಟ್ಟು ಹೇಳಿ. ಮಗನಿಗೆ ಮುಂದಿನ ವಾರ ಉತ್ತರ ಕೊಡಬೇಕು.

ಮುಲುಂಡಿನ ಲೆಕ್ಕದವನು, ಮುಂಬಯಿ

ಟೀಚರ್, ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ. ಪ್ಲಾಟ್ ಮಾರಿದ ಲಾಭಕ್ಕೆ ತೆರಿಗೆ ಕಟ್ಟಿದ್ದೀರಾ? ಲಾಭ ಲೆಕ್ಕ ಹಾಕೋಕೆ ಬೇಕಾದ 2001ರ ಬೆಲೆ ಎಷ್ಟು ಅಂತ ಯಾರಾದರೂ ಬರೆದುಕೊಟ್ಟಿದ್ದಾರಾ?

ಕರ್ವೆನಗರದ ಟೀಚರ್

ಇಲ್ಲ ಸರ್, ಇನ್ನೂ ಕಟ್ಟಿಲ್ಲ. ಜುಲೈನಲ್ಲಿ ರಿಟರ್ನ್ ತುಂಬುವಾಗ ನೋಡೋಣ ಅಂತಿದ್ದೆ. ಧಾರವಾಡದ ವ್ಯಾಲ್ಯುಯರ್ ನನ್ನ ಪಾಲಿಗೆ 2001ರ ಬೆಲೆ ₹3 ಲಕ್ಷ ಅಂತ ಬರೆದುಕೊಟ್ಟಿದ್ದಾರೆ.

ಮುಲುಂಡಿನ ಲೆಕ್ಕದವನು, ಮುಂಬಯಿ

ಹಾಗಾದರೆ ನಿಮ್ಮ ಹಲಗೆಯ ಲೆಕ್ಕದಲ್ಲಿ ಒಂದು ದೊಡ್ಡ ಸಾಲು ಬಿಟ್ಟುಹೋಗಿದೆ.

62ರಲ್ಲಿ 3 ಕಳೆದರೆ ಲಾಭ ₹59 ಲಕ್ಷ. ಅದರ 12.5% ಅಂದರೆ ₹7,37,500. ಆ ವರ್ಷದ ಆದಾಯ 50 ಲಕ್ಷ ದಾಟುವುದರಿಂದ ಸರ್‌ಚಾರ್ಜ್ ಬೀಳುತ್ತೆ, ಮೇಲೆ ಸೆಸ್. ಎಲ್ಲ ಸೇರಿ ಎಂಟು ಲಕ್ಷ ದಾಟುತ್ತೆ. ಇಂಡೆಕ್ಸೇಷನ್ ಹಾಕಿ, ಅಂದರೆ ಹಳೆ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕ ಹಾಗೆ ಏರಿಸಿ, 20% ಕಟ್ಟುವ ಹಳೆ ದಾರಿಯೂ ನಿಮಗೆ ತೆರೆದಿದೆ, ಆದರೆ ನಿಮ್ಮ ಅಂಕಿಗೆ ಅದು ಇನ್ನೂ ಜಾಸ್ತಿ ಆಗುತ್ತೆ.

ಈ ತೆರಿಗೆ ಉಳಿಸೋಕೆ 54ಎಫ್ ಅನ್ನೋ ಸೆಕ್ಷನ್ ಇದೆ. ಪ್ಲಾಟ್ ಮಾರಿದ ಪೂರ್ತಿ ಹಣ, ಬರೀ ಲಾಭ ಅಲ್ಲ, ಮಾರಿದ ಪೂರ್ತಿ ಹಣ ಒಂದು ವಾಸದ ಮನೆಗೆ ಹಾಕಿದರೆ ತೆರಿಗೆ ಇಲ್ಲ. ಸ್ವಲ್ಪ ಭಾಗ ಹಾಕಿದರೆ ಅಷ್ಟು ಪಾಲಿಗೆ ಮಾತ್ರ ವಿನಾಯಿತಿ. ಮಾರಿದ ದಿನ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ನಿಮಗೆ ಇರೋದು ಕರ್ವೆನಗರದ್ದು ಒಂದೇ, ಸರಿಹೋಯಿತು. ತಮ್ಮನ ಫ್ಲ್ಯಾಟು ಅವರ ಹೆಸರಲ್ಲೇ ಇದೆ ಅಲ್ವಾ?

ಈಗ ಮುಖ್ಯ ಮಾತು. ಆ ಮನೆ ಭಾರತದಲ್ಲೇ ಇರಬೇಕು. 2014ರ ಬಜೆಟ್‌ನಲ್ಲಿ 'ಭಾರತದಲ್ಲಿ' ಅನ್ನೋ ಮಾತನ್ನು ಕಾನೂನಿನಲ್ಲೇ ಸೇರಿಸಿದರು. ದುಬೈ ಸ್ಟುಡಿಯೋಗೆ ಈ ವಿನಾಯಿತಿ ಇಲ್ಲ. ಎಂಟು ಲಕ್ಷ ಕಟ್ಟಿಯೇ ಹೋಗಬೇಕು.

ಹಣ ಕಳಿಸುವಾಗ ಇನ್ನೊಂದು. ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಸ್ಕೀಮ್ ಪ್ರಕಾರ ಒಬ್ಬರು ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು, ಆ ಮಿತಿ ನಿಮಗೆ ಅಡ್ಡ ಬರಲ್ಲ. ಅಡ್ಡ ಬರೋದು ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ. ₹10 ಲಕ್ಷ ದಾಟಿದ ಮೇಲೆ 20%. ಒಂದೇ ವರ್ಷದಲ್ಲಿ 62 ಕಳಿಸಿದರೆ 52 ಲಕ್ಷದ ಮೇಲೆ ₹10.4 ಲಕ್ಷವನ್ನು ಬ್ಯಾಂಕು ಬೇರೆಯಾಗಿ ಹಿಡಿಯುತ್ತೆ. ಇದು ವಾಪಸ್ ಬರುವ ದುಡ್ಡು, ರಿಟರ್ನ್‌ನಲ್ಲಿ ಕ್ಲೇಮ್ ಮಾಡಬಹುದು. ಆದರೆ ಅಷ್ಟು ದಿನ ಕೈಯಲ್ಲಿ ಬೇಕಲ್ಲ. ನಿಮ್ಮ ಹತ್ತಿರ ಇರೋದೇ 62.

ಇನ್ನು ಮೇಲಿನ ವರ್ಷಗಳು. ದುಬೈನಲ್ಲಿ ಬಾಡಿಗೆಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜ. ಆದರೆ ನೀವು ಇಲ್ಲಿನ ರೆಸಿಡೆಂಟ್. ಆ ಬಾಡಿಗೆಯನ್ನೂ ಇಲ್ಲಿ ತೋರಿಸಬೇಕು. ವರ್ಷ ವರ್ಷ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎನಲ್ಲಿ ಆ ಮನೆಯ ವಿವರ ಬರೆಯಬೇಕು. ಒಂದು ವರ್ಷ ಮರೆತರೂ ಬ್ಲ್ಯಾಕ್ ಮನಿ ಕಾಯ್ದೆಯಲ್ಲಿ ₹10 ಲಕ್ಷ ದಂಡಕ್ಕೆ ಅವಕಾಶ ಇದೆ. ಚಿಕ್ಕ ಖಾತೆಗಳಿಗೆ ಸಿಕ್ಕಿರುವ ರಿಯಾಯಿತಿ ಮನೆ, ಜಾಗಕ್ಕೆ ಇಲ್ಲ. 75 ವರ್ಷ ಆದಾಗ ಈ ಫಾರಂ ಯಾರು ತುಂಬ್ತಾರೆ ಅಂತ ಈಗಲೇ ಯೋಚಿಸಿ.

ಕೊನೆಗೆ, ಮನೆ ಯಾರ ಹೆಸರಿಗೆ? ಮಗನ ಹೆಸರಿಗೆ ಆದರೆ ನೀವು ಕೊಡೋದು ಗಿಫ್ಟ್. ಗಿಫ್ಟಿಗೆ ಅವರಿಗೆ ತೆರಿಗೆ ಇಲ್ಲ, ಸರಿ. ಆದರೆ ಮನೆ ಅವರದು, ಬಾಡಿಗೆಯೂ ಅವರದು. ನೀವು ಎರಡನೇ ಪ್ಯಾರಾದಲ್ಲಿ ಏನು ಬೇಡ ಅಂದಿರೋ ಅಲ್ಲಿಗೇ ಬಂತು.

ಡೊಂಬಿವಲಿಯ ಗಲ್ಫ್ ಮಾವ

ಅಕ್ಕಾವ್ರೇ, ನಾನು 19 ವರ್ಷ ಅಲ್ಲಿದ್ದು ಬಂದವನು. ದುಬೈ ಮನೆ ಕೆಟ್ಟದ್ದು ಅಂತ ಹೇಳಲ್ಲ. ನನಗೆ ಅದು ಅನ್ನ ಹಾಕಿದೆ.

2014ರಲ್ಲಿ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ರೆಡಿ ಸ್ಟುಡಿಯೋ ತಗೊಂಡೆ, 3.8 ಲಕ್ಷ ದಿರ್ಹಮ್. ಮೇಲೆ ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ 4%, ಏಜೆಂಟಿಗೆ 2%. ನಿಮ್ಮ ಮಗನ ಲೆಕ್ಕದಲ್ಲಿ ಆ 4% ಕಾಣಲಿಲ್ಲ, ಕೇಳಿ. ಅಲ್ಲಿ ಬಾಡಿಗೆ ಸಾಮಾನ್ಯವಾಗಿ ತಿಂಗಳಿಗೆ ಬರಲ್ಲ. ವರ್ಷಕ್ಕೆ ಎರಡೋ ನಾಲ್ಕೋ ಚೆಕ್, ಮುಂದಿನ ತಾರೀಕು ಹಾಕಿ ಮೊದಲೇ ಕೈಗೆ ಕೊಟ್ಟುಬಿಡ್ತಾರೆ. ಕರಾರು ಇಜಾರಿ ಅನ್ನೋ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಣಿ ಆಗುತ್ತೆ. ಇದು ಬಹಳ ಚೆನ್ನಾಗಿದೆ, ಬಾಡಿಗೆ ಕೇಳೋಕೆ ಯಾರ ಬಾಗಿಲಿಗೂ ಹೋಗಿಲ್ಲ.

ಆದರೆ 2014ರಿಂದ 2020ರ ವರೆಗೆ ಬೆಲೆ ಇಳೀತಾನೇ ಹೋಯಿತು. ಕೋವಿಡ್‌ನಲ್ಲಿ ಐದು ತಿಂಗಳು ಖಾಲಿ. ಮನೆ ಖಾಲಿ ಇದ್ದರೂ ಸರ್ವಿಸ್ ಚಾರ್ಜ್ ಕಟ್ಟಲೇಬೇಕು. 2022ರಲ್ಲಿ ಮಾರಿದಾಗ ಸಿಕ್ಕಿದ್ದು 3.2 ಲಕ್ಷ. ದಿರ್ಹಮ್‌ನಲ್ಲಿ ನಷ್ಟ. ಆದರೆ ತಗೊಂಡಾಗ ದಿರ್ಹಮ್‌ಗೆ ಹದಿನಾರೂವರೆ ರೂಪಾಯಿ ಇತ್ತು, ಮಾರಿದಾಗ ಇಪ್ಪತ್ತೊಂದೂವರೆ. ಆ ಫೀಸು ಬಿಟ್ಟು ನೋಡಿದರೆ, ಊರಿಗೆ ತಂದಾಗ ರೂಪಾಯಿಯಲ್ಲಿ ಸುಮಾರು ಆರು ಲಕ್ಷ ಲಾಭವೇ ಆಯಿತು. ದಿರ್ಹಮ್ ಡಾಲರಿಗೆ ಕಟ್ಟಿರೋದು, 3.6725. ಆ ಬಲ ಅದಕ್ಕಿದೆ. ನನ್ನನ್ನು ಉಳಿಸಿದ್ದು ಮನೆ ಅಲ್ಲ, ರೂಪಾಯಿ ಇಳಿದದ್ದು.

ನಾನು ಹೆದರೋದು ಕಟ್ಟುತ್ತಿರೋ ಕಟ್ಟಡಕ್ಕೆ. ನನ್ನ ಗೆಳೆಯ ಹಾಗೇ ಒಂದು ತಗೊಂಡ. ಬಿಲ್ಡರ್ ಹೆಸರು ಬೇಡ. ಎರಡು ವರ್ಷ ಅಂದವರು ಕೀಲಿ ಕೊಟ್ಟಿದ್ದು ಐದನೇ ವರ್ಷಕ್ಕೆ. ಕೊಳ್ಳುವವರ ದುಡ್ಡನ್ನು ಬಿಲ್ಡರ್ ಬೇರೆ ಖಾತೆಯಲ್ಲಿ ಇಡಬೇಕು ಅನ್ನೋ ಎಸ್ಕ್ರೋ ಖಾತೆ ಕಾನೂನು 2007ರಿಂದಲೇ ಇದೆ, ಅದರಿಂದ ದುಡ್ಡು ಮುಳುಗಲಿಲ್ಲ, ಆದರೆ ಬಾಡಿಗೆ ಬರದ ಮೂರು ವರ್ಷ ಯಾರೂ ವಾಪಸ್ ಕೊಡಲಿಲ್ಲ. ನಿಮಗೆ 61. ಮೊದಲ ಬಾಡಿಗೆ ಯಾವಾಗ ಬರುತ್ತೆ ಅಂತ ಕೇಳಿ. ಮತ್ತೆ ಹ್ಯಾಂಡೋವರ್ ಹೊತ್ತಿಗೆ ಕೊಡಬೇಕಾದ 40% ಮಗ ಕೊಡ್ತಾನೆ ಅಂದಿರಿ. ಆಗ ಅವನ ಕೆಲಸ ಇರಬೇಕು. ಅಲ್ಲಿ ನಮ್ಮೆಲ್ಲರ ವೀಸಾ ಕೆಲಸಕ್ಕೆ ಕಟ್ಟಿರುತ್ತೆ, ಇದು ನಾನು ಕಣ್ಣಾರೆ ಕಂಡಿದ್ದು.

ಇನ್ನೊಂದು, ಬಾಡಿಗೆಯವರನ್ನು ಬಿಡಿಸಬೇಕಾದರೆ, ಮಾರೋಕಾಗಲಿ ಸ್ವಂತಕ್ಕಾಗಲಿ, ನೋಟರಿ ಮೂಲಕ ಇಲ್ಲವೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ 12 ತಿಂಗಳ ಮುಂಚೆ ನೋಟಿಸ್ ಕೊಡಬೇಕು. ತಗೊಂಡರೆ ಅಲ್ಲಿನ ಮನೆಗೆ ಅಲ್ಲೇ ಬೇರೆ ವಿಲ್ ಬರೆಸಿಡಿ.

ಠಾಣೆಯ ಬ್ಯಾಂಕ್ ಅಕ್ಕ

ಟೀಚರ್, ನಾನು ಎರಡೂ ಬೇಡ ಅಂತೀನಿ. ನಿಮಗೆ 60 ದಾಟಿದೆ. ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮ್‌ನಲ್ಲಿ ₹30 ಲಕ್ಷ ಇಟ್ಟರೆ 8.2%ಕ್ಕೆ ಮೂರು ತಿಂಗಳಿಗೊಮ್ಮೆ ₹61,500 ಬರುತ್ತೆ. ವರ್ಷಕ್ಕೆ ₹2,46,000. ನಿಮ್ಮ ವಾರ್ಜೆ ಮನೆ 62 ಲಕ್ಷಕ್ಕೆ ಕೊಡೋದು 1,62,000. ತೆರಿಗೆ ಎಂಟು ಲಕ್ಷ ಕಟ್ಟಿದರೂ ಇನ್ನೂ 23 ಲಕ್ಷ ಮಿಗುತ್ತೆ, ಅದನ್ನು ಎಫ್‌ಡಿ ಮಾಡಿ. ಸೀಲಿಂಗ್ ಸೋರಲ್ಲ. ಅಪ್ಪನ ನೆನಪಿನ ಮಾತು ನನಗೆ ಅರ್ಥ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಆದರೂ ಒಂದು ಸಲ ಯೋಚಿಸಿ.

ಪಿಂಪರಿ ಸೊಸೈಟಿ ಸೆಕ್ರೆಟರಿ

ಪುಣೆಯಲ್ಲೇ ತಗೊಳ್ಳೋದಾದರೆ ನಾನು ಹೇಳೋದು ಕೇಳಿ. 12 ವರ್ಷದ ಕಟ್ಟಡ ಅಂದಿರಿ. ಭೋಗವಟಾ ಪತ್ರ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ, ಸಿಕ್ಕಿದೆಯಾ? ಅರ್ಧ ಕಟ್ಟಡಕ್ಕೆ ಸಿಕ್ಕಿ ಅರ್ಧಕ್ಕೆ ಸಿಗದೇ ಇರೋದೂ ಉಂಟು. ನಿಮ್ಮ ಫ್ಲ್ಯಾಟ್ ನಂಬರು ಅದರಲ್ಲಿ ಬರುತ್ತಾ ನೋಡಿ. ಕನ್ವೇಯನ್ಸ್ ಆಗಿದೆಯಾ, ಅಂದರೆ ಜಾಗ ಸೊಸೈಟಿ ಹೆಸರಿಗೆ ಬಂದಿದೆಯಾ, ಅದನ್ನೂ ಕೇಳಿ. ನೋಂದಣಿ ಕಚೇರಿಯ ದಾಖಲೆಯಾದ ಇಂಡೆಕ್ಸ್ ಟೂ ತಗೊಂಡು ಮಾರುವವರ ಹೆಸರು ತಾಳೆ ನೋಡಿ. ಮೇ ತಿಂಗಳ ನೀರಿನ ಟ್ಯಾಂಕರ್ ಬಿಲ್ ತೋರಿಸಿ ಅನ್ನಿ. ಮಾರುವವರನ್ನಲ್ಲ, ಸೊಸೈಟಿ ಆಫೀಸಿನಲ್ಲಿ ಕೇಳಿ.

ಮನೆ ತೆರಿಗೆ ₹12,000 ಅಂತ ಬರೆದಿದ್ದೀರಿ. ಮಾರುವವರು ಈಗ ಸ್ವತಃ ಅಲ್ಲೇ ಇದ್ದಾರಾ? ಪುಣೆ ಮಹಾನಗರಪಾಲಿಕೆಯಲ್ಲಿ ಸ್ವಂತ ವಾಸಕ್ಕೆ 40% ರಿಯಾಯಿತಿ ಇದೆ. ಬಾಡಿಗೆಗೆ ಕೊಟ್ಟರೆ ಅದು ಸಿಗಲ್ಲ. ಅವರ ಬಿಲ್ ನೋಡಿ ಲೆಕ್ಕ ಹಾಕಬೇಡಿ. ಬಾಡಿಗೆಗೆ ಕೊಟ್ಟಾಗ ಸೊಸೈಟಿ ನಾನ್ ಆಕ್ಯುಪೆನ್ಸಿ ಚಾರ್ಜ್ ಹಾಕುತ್ತೆ, ಸರ್ವಿಸ್ ಚಾರ್ಜಿನ 10% ಮೀರಬಾರದು.

ಬಾಡಿಗೆಗೆ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡಿ, ನೋಂದಣಿ ಮಾಡಿಸಿ. ಇಲ್ಲಿ 1999ರ ಬಾಡಿಗೆ ಕಾಯ್ದೆ ಪ್ರಕಾರ ನೋಂದಣಿ ಮಾಡಿಸೋದು ಮಾಲೀಕರ ಹೊಣೆ. ಮಾಡಿಸದೇ ಇದ್ದು ಜಗಳ ಬಂದರೆ, ಷರತ್ತು ಏನಿತ್ತು ಅನ್ನೋದರಲ್ಲಿ ಬಾಡಿಗೆಯವರ ಮಾತೇ ಮೊದಲು ನಡೆಯುತ್ತೆ. ಮಾಡಿಸಿದ್ದರೆ, ಅವಧಿ ಮುಗಿದೂ ಬಿಡದವರು ಬಾಡಿಗೆಯ ಎರಡು ಪಟ್ಟು ಕೊಡಬೇಕಾಗುತ್ತೆ.

ನಿಮಗೆ ಒಂದು ಲಾಭ ಇದೆ. ಹೆಂಗಸರ ಹೆಸರಿಗೆ ಸ್ಟ್ಯಾಂಪ್ ಡ್ಯೂಟಿ 1% ಕಡಿಮೆ. ಪುಣೆಯಲ್ಲಿ 7ರ ಬದಲು 6. 58ಕ್ಕೆ ₹3,48,000, ನೋಂದಣಿ ₹30,000. ಒಟ್ಟು ₹61,78,000.

ಕರ್ವೆನಗರದ ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ನಾಲ್ಕು ದಿನ ಬರೆಯಲಿಲ್ಲ. ಈ ಉತ್ತರಗಳನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡು ಓದಿದೆ.

ಬ್ಯಾಂಕ್ ಅಕ್ಕ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಎರಡು ಸಲ ಮಾಡಿ ನೋಡಿದೆ. ಪ್ರತಿ ತಿಂಗಳ ದುಡ್ಡೇ ಮುಖ್ಯ ಆಗಿದ್ದರೆ ನೀವು ಹೇಳಿದ ಹಾಗೇ ಮಾಡುತ್ತಿದ್ದೆ. ನನ್ನ ಗ್ರಾಚ್ಯುಟಿಯಲ್ಲಿ ಉಳಿದಿರೋ ₹9 ಲಕ್ಷ ಎಫ್‌ಡಿಯಲ್ಲಿದೆ, ಅದು ಮುಗಿದ ಕೂಡಲೇ ನಿಮ್ಮ ಸ್ಕೀಮಿಗೆ ಹಾಕುತ್ತೇನೆ. ಆದರೆ ಈ 62 ಮನೆಯಾಗಲಿ. 1,62,000 ಕಡಿಮೆ ಅಂತ ಗೊತ್ತು, ಕೆಳಗೆ ಬರೆದಿರೋ ಹಾಗೆ ಮನೆ ತೆರಿಗೆ ಏರಿದರೆ ಅದೂ 1,54,000 ಆಗುತ್ತೆ. ತಿಂಗಳಿಗೆ ಸುಮಾರು ಹನ್ನೆರಡೂಮುಕ್ಕಾಲು ಸಾವಿರ. ಅದರಲ್ಲಿ ನನ್ನ ಹಾಲು, ಔಷಧಿ, ಕರೆಂಟು, ಕೆಲಸದವಳ ಸಂಬಳ ಎಲ್ಲ ಕಳೆದು ಸ್ವಲ್ಪ ಉಳಿಯುತ್ತೆ. ಪೆನ್ಷನ್ ಮುಟ್ಟಬೇಕಾಗಿಲ್ಲ.

ಲೆಕ್ಕದ ಸರ್, 54ಎಫ್ ವಿಷಯ ನನಗೆ ಗೊತ್ತೇ ಇರಲಿಲ್ಲ. ನೀವು ಕೇಳದೇ ಇದ್ದಿದ್ದರೆ ಎಂಟು ಲಕ್ಷ ಹೋಗುತ್ತಿತ್ತು. ಜುಲೈ 31ರ ಒಳಗೆ ಮನೆ ಆಗದಿದ್ದರೆ ಹಣವನ್ನು ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು, ತಗೊಳ್ಳೋಕೆ ಮಾರಿದ ದಿನದಿಂದ ಎರಡು ವರ್ಷ ಇದೆ ಅಂತ ಇಲ್ಲಿನ ಸಿಎ ಹೇಳಿದರು. ಅದಕ್ಕೇ ಈಗ ಅವಸರ ಇಲ್ಲ. ತಮ್ಮನ ಫ್ಲ್ಯಾಟ್ ಅವನ ಹೆಸರಲ್ಲೇ ಇದೆ.

ಮಗನಿಗೆ ಭಾನುವಾರ ಫೋನ್ ಮಾಡಿದೆ. ಗಲ್ಫ್ ಮಾವ ಬರೆದಿದ್ದನ್ನು ಓದಿ ಹೇಳಿದೆ. 4% ಸೇರಿಸಿಲ್ಲ ಅಂತ ಒಪ್ಪಿಕೊಂಡ. ಮೊದಲ ಬಾಡಿಗೆ ಯಾವಾಗ ಅಂದಿದ್ದಕ್ಕೆ 2028ರ ಕೊನೆ ಅಂದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನಿಗೆ ಬಾಡಿಗೆಗಿಂತ, ಅಲ್ಲಿ ನನ್ನದೊಂದು ಮನೆ ಇದ್ದರೆ ನಾನು ಬಂದು ಇರ್ತೀನಿ ಅನ್ನೋ ಆಸೆ ಇತ್ತು. ಅದು ನನಗೆ ಅವತ್ತೇ ಗೊತ್ತಾಗಿದ್ದು. ಮನೆ ಇಲ್ಲದೇ ಇದ್ದರೂ ಡಿಸೆಂಬರ್‌ನಲ್ಲಿ ಎರಡು ತಿಂಗಳು ಬರ್ತೀನಿ ಕಣೋ ಅಂದೆ. ಟಿಕೆಟ್ ತೆಗೆಯೋಕೆ ಆಗಲೇ ಶುರು ಮಾಡಿದ್ದಾನೆ.

ನಿನ್ನೆ ವಾರ್ಜೆಗೆ ಹೋಗಿದ್ದೆ. ಇಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಮಾರುವವರ ಮನೆ ಮೂರನೇ ಮಹಡಿ. ನಾನು ಮೊದಲು ಎರಡನೇ ಮಹಡಿಯ ಬೆಲ್ ಒತ್ತಿದೆ. ಬಾಗಿಲು ತೆಗೆದ ಆಜಿಗೆ ಮರಾಠಿಯಲ್ಲಿ ವಿಷಯ ಹೇಳಿ, ನಿಮ್ಮ ಬಾತ್‌ರೂಮಿನ ಸೀಲಿಂಗ್ ನೋಡಬಹುದಾ ಅಂತ ಕೇಳಿದೆ. ಅವರು ಒಳಗೆ ಕರೆದುಕೊಂಡು ಹೋಗಿ ಲೈಟ್ ಹಾಕಿದರು. ಮೂಲೆಯಲ್ಲಿ ಅಂಗೈಯಷ್ಟು ಹಳೆ ಕಲೆ ಇತ್ತು. ಸ್ಟೂಲ್ ಹತ್ತಿ ಮುಟ್ಟಿ ನೋಡಿದೆ, ಒಣಗಿತ್ತು, ಬಣ್ಣ ಪುಡಿಯಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಸೋರಿತ್ತು, ಮೇಲಿನವರು ಟ್ರ್ಯಾಪ್ ಬದಲಾಯಿಸಿದ ಮೇಲೆ ಸೋರಿಲ್ಲ ಅಂದರು. ಚಹಾ ಕುಡಿದೇ ಹೋಗಬೇಕು ಅಂತ ಕೂರಿಸಿದರು.

ಸೆಕ್ರೆಟರಿ ಸರ್, ಮೇ ತಿಂಗಳ ಟ್ಯಾಂಕರ್ ಬಿಲ್ ಸೊಸೈಟಿ ಆಫೀಸಿನಲ್ಲಿ ಸಿಕ್ಕಿತು, ಮನೆಗೆ ₹900 ಜಾಸ್ತಿ ಬರುತ್ತೆ. ನೀವು ಊಹಿಸಿದ ಹಾಗೇ ಮಾರುವವರು ಅಲ್ಲೇ ಇದ್ದಾರೆ, 40% ರಿಯಾಯಿತಿ ತಗೊಳ್ಳುತ್ತಿದ್ದಾರೆ. ಆ ₹12,000 ನನಗೆ ₹20,000 ಆಗುತ್ತೆ. ಅದನ್ನು ಹೇಳಿ ಬೆಲೆಯಲ್ಲಿ ₹1 ಲಕ್ಷ ಇಳಿಸಿ ಅಂತ ಕೇಳಿದ್ದೇನೆ. ಭೋಗವಟಾ ಪತ್ರದ ಪ್ರತಿ ಸೋಮವಾರ ಕೊಡ್ತೀವಿ ಅಂದಿದ್ದಾರೆ. ಅದರಲ್ಲಿ ಫ್ಲ್ಯಾಟ್ ನಂಬರು ಇದ್ದರೆ ಟೋಕನ್ ಕೊಡುತ್ತೇನೆ. ಇಲ್ಲದಿದ್ದರೆ ಬೇರೆ ಕಟ್ಟಡ ನೋಡುತ್ತೇನೆ. ಸೋಮವಾರ ರಾತ್ರಿ ಇಲ್ಲೇ ಬರೆಯುತ್ತೇನೆ.